ಮೊದಲ ಸರದಿ ಸಣ್ಣತಾಯಮ್ಮನದು

ಮನುಷ್ಯರ ಗುಣ ಹೇಳುವುದಕ್ಕೆ ಜಾತಕ ಬೇಕಾಗಿಲ್ಲ, ಅವರು ರಾಗಿ ತಂದ ಡಬ್ಬ ಸಾಕು ಎಂದು ನಾನು ಇಪ್ಪತ್ತೆರಡು ವರ್ಷ ಹೇಳಿಕೊಂಡು ತಿರುಗಿದವನು. ನನ್ನ ಹೆಸರು ಚಲುವಯ್ಯ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಅಂಗಡಿ ಆಚೆಗೆ ನನ್ನ ಹಿಟ್ಟಿನ ಮಿಲ್ಲಿದೆ. ಮೋಟಾರು ಓಡುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಅದಕ್ಕೇ ನಾನು ಕಿರುಚಿ ಮಾತಾಡುತ್ತೇನೆ. ಮೋಟಾರು ನಿಂತ ಮೇಲೂ ಕಿರುಚುತ್ತೇನೆ ಎಂಬುದು ನನ್ನ ಹೆಂಡತಿ ಮಾಯಮ್ಮನ ದೂರು. ಇರಲಿ.

ರಾಗಿಯನ್ನು ಮೊರದಲ್ಲಿ ಚೆನ್ನಾಗಿ ಕೇರಿ, ಕಲ್ಲು ಆರಿಸಿ ತರುವವಳನ್ನು ನೋಡಿದರೆ ಅವಳ ಅಡುಗೆಮನೆ ಹೇಗಿದೆ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಕೇರದೆ ತಂದವಳು, "ನಿಮ್ ಮಿಷಿನ್ನೇ ಸರಿ ಇಲ್ಲ, ಹಿಟ್ಟು ಕರಕರ ಅಂತದೆ" ಎಂದು ಮರುದಿನ ನನ್ನ ಮೇಲೇ ಎಗರುತ್ತಾಳೆ. ತಿಮ್ಮಮ್ಮ ಅಂತ ಒಬ್ಬಳಿದ್ದಾಳೆ, ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಮೂರು ಸಲ ಕೊಡವಿಸಿಕೊಳ್ಳದೆ ಜಾಗ ಬಿಟ್ಟು ಕದಲುವವಳಲ್ಲ. ಒಂದು ಸಲ ನೋಡಿದರೆ ಸಾಕು, ಇವಳು ಜಿಪುಣಿ, ಇವನು ಮುಂಗೋಪಿ, ಅವಳು ನಂಬಿಕಸ್ಥೆ ಎಂದು ತಲೆಯೊಳಗೆ ವಿಂಗಡಿಸಿ ಇಟ್ಟುಬಿಡುತ್ತಿದ್ದೆ. ಇಟ್ಟ ಮೇಲೆ ಮತ್ತೆ ತೆಗೆದು ನೋಡಿದವನಲ್ಲ.

ಈ ವಿದ್ಯೆಗೆ ಬೆಲೆಯೂ ಇತ್ತು ಅನ್ನಿ. ನಮ್ಮ ಕಡೆ ಹೆಣ್ಣು ಕೇಳುವವರು ನೇರವಾಗಿ ಹೆಣ್ಣಿನ ಮನೆಗೆ ಹೋಗುವುದಿಲ್ಲ. ಮೊದಲು ಟೀ ಅಂಗಡಿಯಲ್ಲಿ, ಮಿಲ್ಲಿನಲ್ಲಿ ಕೂತು, ಬೇರೆ ಏನೋ ಮಾತಾಡಿದ ಹಾಗೆ ಮಾಡಿ ವಿಚಾರಿಸಿಕೊಂಡು ಹೋಗುತ್ತಾರೆ. ಗಂಡಿನ ವಿಷಯ ಟೀ ಅಂಗಡಿಗೆ, ಹೆಣ್ಣಿನ ವಿಷಯ ನನ್ನ ಮಿಲ್ಲಿಗೆ. "ಗುಣ ಎಂಗಣ್ಣ?" ಎಂದು ಅವರು ಕೇಳುವುದು, ನಾನು ಗಂಟಲು ಸರಿಮಾಡಿಕೊಳ್ಳುವುದು. ಎಷ್ಟೋ ಮದುವೆಗೆ ನನ್ನ ಮಾತೇ ತಾಂಬೂಲ ಎಂದು ನಾನು ಜಂಬ ಕೊಚ್ಚಿಕೊಂಡದ್ದುಂಟು. ಆ ಜಂಬ ಇಳಿಸಿದವಳು ಸಣ್ಣತಾಯಮ್ಮ.

ಅವಳ ಕಥೆ ತಿಳಿಯಬೇಕಾದರೆ ಮಿಲ್ಲಿನ ಒಂದು ಸಂಗತಿ ಗೊತ್ತಿರಬೇಕು. ಬೆಳಿಗ್ಗೆ ಮಿಷಿನ್ನು ಖಾಲಿ ಇರುತ್ತದೆ. ಮೊದಲು ಯಾರ ರಾಗಿ ಹಾಕುತ್ತೇವೋ ಅವರ ಹಿಟ್ಟಿನಲ್ಲಿ ಒಂದೆರಡು ಹಿಡಿ ಕಲ್ಲಿನ ಸಂದಿಯಲ್ಲಿ, ಬಟ್ಟೆಯ ತೋಳಿನಲ್ಲಿ ಕೂತುಬಿಡುತ್ತದೆ. ಅವರಿಗೆ ಕಡಿಮೆ ಬರುತ್ತದೆ, ಬಂದದ್ದೂ ಸ್ವಲ್ಪ ತರಿ. ಆಮೇಲಿನವರಿಗೆ ಏನೂ ನಷ್ಟವಿಲ್ಲ. "ಕಲ್ಲು ಕುಡೀತದೆ" ಎಂದು ನಾವು ಹೇಳುವುದು ಇದಕ್ಕೇ. ಸಂಜೆ ಮಿಷಿನ್ನು ಬಿಚ್ಚಿ, ಬ್ರಷ್ಷಿನಲ್ಲಿ ಗುಡಿಸಿ, ಬಾಗಿಲು ಹಾಕುತ್ತೇನೆ. ಮರುದಿನ ಮತ್ತೆ ಖಾಲಿ ಕಲ್ಲು.

ಹಾಗಾಗಿ ಬೆಳಿಗ್ಗೆ ಯಾರಿಗೂ ಮೊದಲ ಸರದಿ ಬೇಡ. ಏಳು ಗಂಟೆಗೇ ಬಂದು ಡಬ್ಬ ಇಟ್ಟವಳು, ನಾನು ಸ್ವಿಚ್ಚಿಗೆ ಕೈ ಹಾಕಿದ ತಕ್ಷಣ, "ಅಯ್ಯೋ, ಒಲೆ ಮ್ಯಾಲೆ ಆಲು ಬುಟ್ ಬಂದಿವ್ನಿ" ಎಂದು ಎದ್ದು ಓಡುತ್ತಾಳೆ. ಇನ್ನೊಬ್ಬಳಿಗೆ ಅದೇ ಹೊತ್ತಿಗೆ ಫೋನು ಬರುತ್ತದೆ, ಅದು ರಿಂಗಾದದ್ದನ್ನು ನಾನಂತೂ ಕೇಳಿಲ್ಲ. ನೀನು ಹಾಕು, ನೀನು ಹಾಕು ಎಂದು ಅರ್ಧ ಗಂಟೆ ಕಿತ್ತಾಟ. ಸೋಮವಾರ ಮತ್ತು ಗುರುವಾರ ಮಾತ್ರ ನನ್ನ ಮಿಲ್ಲಿನಲ್ಲಿ ಗಲಾಟೆ ಇರುತ್ತಿರಲಿಲ್ಲ. ಆ ಎರಡು ದಿನ ಸಣ್ಣತಾಯಮ್ಮ ಬರುತ್ತಿದ್ದಳು.

ಸಣ್ಣಗೆ ಕಪ್ಪಗೆ ಗಟ್ಟಿಮುಟ್ಟಾದ ಹೆಂಗಸು, ವಯಸ್ಸು ನಲವತ್ತೆಂಟೋ ಐವತ್ತೋ. ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸ. ಗಂಡ ಅಂಕಯ್ಯ ಇರುವ ಒಂದೂವರೆ ಎಕರೆಯಲ್ಲಿ ರಾಗಿ, ಅವರೆ ಬೆಳೆದುಕೊಂಡಿದ್ದಾನೆ. ಸೋಮವಾರ ತನ್ನ ಮನೆಯ ರಾಗಿ, ಗುರುವಾರ ಮೈದುನನ ಮನೆಯ ರಾಗಿ ಎಂದು ಹೊತ್ತು ತರುತ್ತಿದ್ದಳು. ಬಂದವಳೇ ಯಾರ ಮುಖವನ್ನೂ ನೋಡದೆ, ತನ್ನ ಡಬ್ಬವನ್ನೆತ್ತಿ ಮಿಷಿನ್ನಿನ ಬಾಯಿಗೆ ಸುರಿದುಬಿಡುವಳು. ಒಂದು ಮಾತಿಲ್ಲ, ಗೊಣಗಾಟವಿಲ್ಲ. ಹದಿನಾಲ್ಕು ವರ್ಷ ಹೀಗೇ. ನಾನು ಅವಳನ್ನು ಎಂದೋ ತೀರ್ಮಾನಿಸಿ ಇಟ್ಟಿದ್ದೆ, ಧರ್ಮಿಷ್ಠೆ, ಕೊಡುಗೈ, ತನಗೆ ಕಡಿಮೆಯಾದರೂ ಪರವಾಗಿಲ್ಲ ಎನ್ನುವ ಗುಣ. ಉಳಿದ ಹೆಂಗಸರಿಗೆ ಬೈಯುವಾಗಲೆಲ್ಲ ಅವಳ ಹೆಸರನ್ನೇ ಎತ್ತುತ್ತಿದ್ದೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ, ಪಿರಿಯಾಪಟ್ಟಣದ ಕಡೆಯಿಂದ ಲಕ್ಷ್ಮಿದೇವಿ ಎಂಬ ಹೆಂಗಸು ಬಂದು ನನ್ನ ಬೆಂಚಿನ ಮೇಲೆ ಕೂತರು. ಕೈಯಲ್ಲೊಂದು ಐದು ಸೇರು ರಾಗಿಯ ಚೀಲ. ಅಷ್ಟು ದೂರದಿಂದ ಹಿಟ್ಟು ಮಾಡಿಸಲು ಯಾರು ಬರುತ್ತಾರೆ! ಹೆಣ್ಣು ವಿಚಾರಿಸಲು ಬಂದವರೆಂದು ನೋಡಿದ ಕೂಡಲೇ ಗೊತ್ತಾಯಿತು. ಮಗ ಮಹೇಂದ್ರ ಹುಣಸೂರಿನಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್, ಹುಡುಗಿ ನಮ್ಮ ಸಣ್ಣತಾಯಮ್ಮನ ಮಗಳು ರೂಪಶ್ರೀ. ರೂಪಶ್ರೀ ತಾಲ್ಲೂಕು ಕೇಂದ್ರವಾದ ಕೋಟೆಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಇಪ್ಪತ್ತಾರು ವರ್ಷದ ಹುಡುಗಿ. ಹಿಂದೆ ಎರಡು ಸಂಬಂಧ ಬಾಗಿಲವರೆಗೆ ಬಂದು ತಪ್ಪಿದ್ದವು. ಈ ಸಲ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದಾರೆ, ಇನ್ನು ಉಳಿದಿರುವುದು ಹುಡುಗನ ತಾಯಿಯ ಮನಸ್ಸು ಎಂದು ಲಕ್ಷ್ಮಿದೇವಿಯೇ ಹೇಳಿದರು.

"ಎಣ್ಣು ಚೆನ್ನಾಗೇ ಅವ್ಳೆ ಕಣಣ್ಣ. ಆದ್ರೆ ಎಣ್ಣು ಅವ್ವನಂಗೇ ಅಲ್ವಾ ಆಗೋದು? ಅವ್ವನ ಗುಣ ಎಂಗೆ?"

ನಾನು ಗಂಟಲು ಸರಿಮಾಡಿಕೊಂಡೆ. ಮೊದಲ ಸರದಿಯ ಕಥೆಯನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. "ಇಂಥ ಎಂಗ್ಸು ಈ ತಾಲ್ಲೂಕಲ್ಲೇ ಇಲ್ಲ ಕಣಕ್ಕ. ಬೇಕಾದ್ರೆ ಬರ್ದು ಕೊಡ್ತೀನಿ. ಸೋಮವಾರ ಬಂದು ಕಣ್ಣಾರೆ ನೋಡ್ಕೊಂಡು ಓಗಿ" ಎಂದೆ. ಅವರ ಮುಖ ಅರಳಿತು. ಯಾರಿಗೂ ಹೇಳಬೇಡಿ, ಸುಮ್ಮನೆ ಬಂದು ಕೂತು ನೋಡುತ್ತೇನೆ ಎಂದು ಹೋದರು. ಒಂದು ಹೆಣ್ಣಿನ ಬಾಳು ನೇರ್ಪು ಮಾಡಿದೆ ಎಂದು ನಾನು ಅವತ್ತು ಎರಡು ಮುದ್ದೆ ಹೆಚ್ಚು ಉಂಡೆ.

ಸೋಮವಾರ ಬಂತು. ಲಕ್ಷ್ಮಿದೇವಿ ಹಸಿರು ಸೀರೆ ಉಟ್ಟು ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಏಳೂವರೆಯಾಯಿತು, ಎಂಟಾಯಿತು, ಸಣ್ಣತಾಯಮ್ಮನ ಸುಳಿವಿಲ್ಲ. ಎಂಟೂಕಾಲಿಗೆ ನಿಧಾನವಾಗಿ ಬಂದಳು. ಬಂದವಳು ಡಬ್ಬವನ್ನು ಎಲ್ಲರ ಹಿಂದೆ ಇಟ್ಟು, ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಕೂತುಬಿಟ್ಟಳು!

"ಬಾ ಸಣ್ಣತಾಯವ್ವ, ಸುರಿ, ನಿಂಗೇ ಅಂತ ಕಾಯ್ತಾ ಇವ್ನಿ" ಎಂದು ನಗುತ್ತ ಕರೆದೆ.

"ತಿಮ್ಮಮ್ಮ ಮೊದ್ಲು ಬಂದವ್ಳೆ. ಅವ್ಳು ಹಾಕ್ಲಿ."

"ನಾನ್ಯಾಕ್ ಹಾಕ್ಲಿ?" ಎಂದಳು ತಿಮ್ಮಮ್ಮ. "ಸೋಮವಾರ ನಿಂದೇ ಅಲ್ವಾ ಯಾವಾಗ್ಲೂ?"

"ಯಾವಾಗ್ಲೂ ನಂದೇ ಅಂತ ಯಾರ್ ಬರ್ದವ್ರೆ?"

ಮೂಲೆಯ ಹಸಿರು ಸೀರೆ ಮುಂದಕ್ಕೆ ಬಾಗಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ನನ್ನ ಬಾಯಿ ಸುಮ್ಮನಿರಬೇಕಲ್ಲ. "ಏನವ್ವ ನೀನು, ಒಂದು ಇಡಿ ಹಿಟ್ಟಿಗೆ ಇಂಗಾಡ್ತೀಯ! ನಿನ್ನ ಗುಣಕ್ಕೆ ಇದು ಒಪ್ಪತ್ತಾ?" ಎಂದು ಕಿರುಚಿದೆ. ಮೋಟಾರು ಇನ್ನೂ ಶುರುವಾಗಿರಲಿಲ್ಲ.

ಅವಳು ಎದ್ದು ನಿಂತಳು. ಹದಿನಾಲ್ಕು ವರ್ಷದಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಕಲ್ಲು ಕುಡೀತದೆ, ಕಲ್ಲು ಕುಡೀತದೆ ಅಂತೀರಲ್ಲಣ್ಣ, ಕಲ್ಲಿಗೆ ಒಟ್ಟೆ ಅದಾ? ಸಂಜೆ ಗುಡಿಸ್ಕೊಂಡು ಎಲ್ಲಿಗೆ ತಕ್ಕೊಂಡು ಓಯ್ತೀರಿ? ನಿಮ್ಮನೆ ಹಸದ ಕಲಗಚ್ಚಿಗೆ ತಾನೆ? ನಮ್ಮನೆ ಮಕ್ಳು ಉಣ್ಣೋ ಹಿಟ್ಟು ನಿಮ್ಮನೆ ಹಸ ಕುಡೀತದೆ, ಮ್ಯಾಲೆ ನಂಗೆ ಗುಣದ ಪಾಠ!"

ಎಲ್ಲರೂ ಗೊಳ್ಳೆಂದು ನಕ್ಕರು. ತಿಮ್ಮಮ್ಮ ನಕ್ಕದ್ದೇ ಜೋರು. ಕೊನೆಗೆ ಯಾರ ರಾಗಿ ಮೊದಲು ಹಾಕಿದೆನೋ ನನಗೆ ನೆನಪಿಲ್ಲ. ಲಕ್ಷ್ಮಿದೇವಿ ಹೊರಡುವಾಗ ಮಿಲ್ಲಿನ ಹಿಂದೆ ಕರೆದು, ಮುಖ ಗಂಟುಹಾಕಿಕೊಂಡು ಕೇಳಿದರು.

"ಏನಣ್ಣ, ನೀವು ಯೋಳಿದ್ದೊಂದು, ಇಲ್ಲಿ ನಡ್ದದ್ದೊಂದು. ಬರ್ದು ಕೊಡ್ತೀನಿ ಅಂದ್ರಿ!"

"ನಂಗೂ ಅರ್ಥ ಆಯ್ತಿಲ್ಲ ಕಣಕ್ಕ" ಎಂದೆ. ಅದು ನಿಜವಾಗಿತ್ತು.

"ನಮ್ಮೆಜಮಾನ್ರು ಗುರುವಾರದೊಳಗೆ ಒಂದು ಮಾತು ಯೋಳು ಅಂದವ್ರೆ. ಇನ್ನೊಂದು ಕಡೆ ಎಣ್ಣೂ ನೋಡಿಟ್ಟವ್ರೆ. ನೀವು ಸರ್ಯಾಗಿ ವಿಚಾರ್ಸಿ ನಿಜ ಯೋಳಿ. ನಿಮ್ಮ ಮಾತ್ನ ನಂಬ್ಕೊಂಡೇ ನಾನು ಇಷ್ಟು ದೂರ ಬಂದದ್ದು."

ಅವತ್ತು ನನಗೆ ಕೆಲಸ ಓಡಲಿಲ್ಲ. ಹದಿನಾಲ್ಕು ವರ್ಷ ಒಂದೇ ಥರ ಇದ್ದ ಹೆಂಗಸು ಒಂದೇ ಬೆಳಿಗ್ಗೆ ಬದಲಾಗುತ್ತಾಳಾ? ಅಥವಾ ಹದಿನಾಲ್ಕು ವರ್ಷ ಧರ್ಮಿಷ್ಠೆಯ ಹಾಗೆ ನಟಿಸಿದಳಾ? ನಟಿಸುವುದಕ್ಕೆ ಅವಳಿಗೇನು ಬಂತು? ತಲೆ ಕೆಟ್ಟು ಮೊಸರಾಯಿತು. ಮಂಗಳವಾರ ಬೆಳಿಗ್ಗೆ ಮಿಲ್ಲಿಗೆ ಬೀಗ ಹಾಕಿ, ಸೀದಾ ಅವಳ ಮನೆಗೇ ಹೋದೆ.

ಜಗಲಿಯ ಮೇಲೆ ಅಂಕಯ್ಯ ಅವರೆಕಾಯಿ ಸುಲಿಯುತ್ತಿದ್ದ. ಒಳಗಿಂದ ಸಣ್ಣತಾಯಮ್ಮ ಅವನಿಗೆ, ನಲ್ಲಿ ನಿಲ್ಲಿಸದೆ ಬಂದದ್ದಕ್ಕೆ ಬೈಗುಳದ ಮಳೆ ಸುರಿಸುತ್ತಿದ್ದಳು. ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ತುಟಿ ಬಿಚ್ಚದವಳು ಇವಳೇನಾ ಎಂದು ನಾನು ಬೆರಗಾಗಿ ನಿಂತೆ. ಅಷ್ಟರಲ್ಲಿ ಹೊರಗೆ ಬಂದು, ಪಕ್ಕದ ಮನೆಯ ಮುದುಕಿಗೆ ಒಂದು ಬಟ್ಟಲು ಸಾರು ಕೊಟ್ಟು, "ಉಪ್ಪು ಕಮ್ಮಿ ಹಾಕಿವ್ನಿ ಕಣವ್ವ, ನಿಂಗೆ ಬಿಪಿ ಅಲ್ವಾ" ಎಂದಳು. ನನ್ನನ್ನು ಕಂಡವಳೇ ಚಾಪೆ ಹಾಸಿದಳು, ನಿನ್ನೆ ಏನೂ ನಡೆದೇ ಇಲ್ಲವೆಂಬಂತೆ. ಇವಳನ್ನು ಯಾವ ಡಬ್ಬಕ್ಕೆ ಹಾಕಲಿ?

ನೇರವಾಗಿ ಕೇಳಿದೆ. "ಇಷ್ಟು ವರ್ಷ ಯಾಕೆ ಮೊದ್ಲು ಸುರೀತಿದ್ದೆ? ಈಗ್ಯಾಕೆ ಒಲ್ಲೆ ಅಂತೀಯ?"

ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟೂ ಗೊತ್ತಿಲ್ವಾ ಅಣ್ಣ? ರೆಸಾರ್ಟಿನ ವ್ಯಾನು ಎಂಟು ಗಂಟೆಗೆ ಹ್ಯಾಂಡ್‌ಪೋಸ್ಟಿಗೆ ಬರ್ತಿತ್ತು. ತಪ್ಪೋದ್ರೆ ಅವತ್ತಿನ ಕೂಲಿ ಇಲ್ಲ. ಕಾಯ್ತಾ ಕೂತ್ರೆ ಆಯ್ತದಾ? ಈಗ ಈ ಸೋಮವಾರದಿಂದ ಮಧ್ಯಾಹ್ನದ ಪಾಳಿ ಹಾಕವ್ರೆ. ವ್ಯಾನು ಬರೋದು ಹನ್ನೊಂದಕ್ಕೆ."

ವ್ಯಾನು! ನಾನು ತಾಲ್ಲೂಕಿಗೆಲ್ಲ ಡಂಗುರ ಹೊಡೆದ ಕೊಡುಗೈ ಗುಣ, ಎಂಟು ಗಂಟೆಯ ವ್ಯಾನು!

"ಅಂದ್ರೆ ಬರೀ ಅವಸರ ಅಷ್ಟೇನಾ?"

"ಅಷ್ಟೇ" ಎಂದಳು. ಆಮೇಲೆ ಅವರೆಕಾಯಿಯ ಸಿಪ್ಪೆ ಎಳೆಯುತ್ತ, "ಅಷ್ಟೇ ಅನ್ನೋಕೂ ಆಗಲ್ಲ ಬುಡಿ. ವ್ಯಾನಿಲ್ಲದ ರಜದ ದಿನಾನೂ ಎಷ್ಟೋ ಸಲ ನಾನೇ ಮೊದ್ಲು ಸುರ್ದಿವ್ನಿ. ತಿಮ್ಮಮ್ಮನ್ ಮನೇಲಿ ಹಿಟ್ಟು ಕಮ್ಮಿ ಬಂದ್ರೆ ಅವ್ರತ್ತೆ ಬೈತಿತ್ತು, ಪಾಪ. ನಂಗಾದ್ರೆ ಕೇಳೋರಿಲ್ಲ. ಒಂದೊಂದ್ಸಲ ಬಂದು ಬಂದು ಕೈಯೇ ಸುರಿದ್ಬುಡ್ತಿತ್ತು. ಒಳಗೆ ಸಿಟ್ಟೂ ಇರ್ತಿತ್ತು. ಇದು ಯಾವ ಗುಣ ಅಂತ ನಂಗೇನ್ ಗೊತ್ತು? ನೀವೇ ಯೋಳಿ, ದೊಡ್ಡೋರು."

ಬೇರೆ ದಾರಿಯಿಲ್ಲದೆ ಹಸಿರು ಸೀರೆಯ ವಿಷಯ ಹೇಳಿಬಿಟ್ಟೆ. ಮೂಲೆಯಲ್ಲಿ ಕೂತಿದ್ದವರು ರೂಪಶ್ರೀಯನ್ನು ಒಪ್ಪಿದ ಹುಡುಗನ ತಾಯಿ, ಗುರುವಾರ ಮಾತು ಹೇಳುತ್ತಾರೆ ಎಂದೆ. ಸಣ್ಣತಾಯಮ್ಮನ ಕೈಯಿಂದ ಅವರೆಕಾಯಿ ಜಾರಿತು.

"ಅಯ್ಯೋ ಶಿವನೇ! ನನ್ ಮಗಳ ಬಾಳ್ನ ಒಂದಿಡಿ ಹಿಟ್ಟಿಗೆ ಕಳ್ದುಬುಟ್ನಲ್ಲೋ! ಎಣ್ಣಿನವ್ವ ಜಗಳಗಂಟಿ ಅಂದ್ಕೊಂಡು ಓಗವ್ರೆ ಕಣಣ್ಣ ಅವ್ರು. ಮೂರನೇ ಸಲ ಇದು. ಮಗಿ ರಾತ್ರೆಲ್ಲ ಆ ಹುಡ್ಗನ ಫೋಟೋ ನೋಡ್ತಾ ಕೂತಿತ್ತು. ನೀವು ಒಂದು ಮಾತು ಮೊದ್ಲೇ ಅಂದಿದ್ರೆ ನಾನೇ ಸುರಿದ್ಬುಡ್ತಿದ್ನಲ್ಲಣ್ಣ!" ಎಂದು ಹಣೆ ಹಣೆ ಚಚ್ಚಿಕೊಂಡಳು. ಅಂಕಯ್ಯ ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಮಾಯಮ್ಮ ಹಸುವಿನ ಬಾನಿಗೆ ಹಿಟ್ಟು ಕಲಸುತ್ತಿದ್ದಳು. ನಮ್ಮ ಹಸುವೋ ಬೆಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಹಾಲಿನ ಡೈರಿಯಲ್ಲಿ ನಮ್ಮ ಹಾಲು ಗಟ್ಟಿ ಎಂದು ಹೆಸರು ಬೇರೆ. ಆ ಬಾನಿಯನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ, ಅವತ್ತು ಮಾತ್ರ ನೋಡಲಾಗದೆ ಮುಖ ತಿರುಗಿಸಿದೆ.

"ಇದು ಯಾರ ಹಿಟ್ಟು ಅಂತ ನಿಂಗೆ ಗೊತ್ತಾ?" ಎಂದು ಕೇಳಿದೆ.

"ದಿನಾ ಕಲಸೋಳು ನಾನು. ಗೊತ್ತಿಲ್ದೆ ಏನು?" ಎಂದಳು. "ನೀವು ಒಂದಿನಾನೂ ಕೇಳ್ಲಿಲ್ಲ. ಊರೋರ ಗುಣ ನೋಡೋದ್ರಲ್ಲೇ ಇದ್ರಿ."

ಗುರುವಾರ ಲಕ್ಷ್ಮಿದೇವಿ ಬಂದರು. ಎರಡು ದಿನ ನಾನು ಮಾತು ಹೊಂದಿಸಿ ಹೊಂದಿಸಿ ಇಟ್ಟುಕೊಂಡಿದ್ದೆ. ಅವತ್ತು ಸಣ್ಣತಾಯಮ್ಮನಿಗೆ ಮೈ ಸರಿ ಇರಲಿಲ್ಲ ಎಂದುಬಿಡಲೇ, ಸಿಟ್ಟು ಅಪರೂಪಕ್ಕೆ ಎಂದುಬಿಡಲೇ ಎಂದು. ಅವರ ಮುಖ ಕಂಡ ಕೂಡಲೇ ಒಂದೂ ಬಾಯಿಗೆ ಬರಲಿಲ್ಲ.

"ಆಯಮ್ಮನ ಗುಣ ನಂಗೆ ಗೊತ್ತಿಲ್ಲ ಕಣಕ್ಕ" ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಡಿದ್ದು. ವ್ಯಾನಿನ ವಿಷಯ ಹೇಳಿದೆ, ತಿಮ್ಮಮ್ಮನ ಅತ್ತೆಯ ವಿಷಯ ಹೇಳಿದೆ, ಗಂಡನಿಗೆ ಬೈದದ್ದನ್ನೂ ಸಾರು ಕೊಟ್ಟದ್ದನ್ನೂ ಬಿಡದೆ ಹೇಳಿದೆ. ಕಡೆಗೆ, "ಹಸದ ವಿಷ್ಯ ಮಾತ್ರ ಆಯಮ್ಮ ಯೋಳಿದ್ದು ನಿಜ. ಹದಿನಾಲ್ಕು ವರ್ಷ ಆ ಹಿಟ್ಟು ನಮ್ಮನೆಗೇ ಬಂದದ್ದು" ಎಂದು ನೆಲ ನೋಡಿಕೊಂಡು ಹೇಳಿದೆ. ಆಗ ಮಾತ್ರ ನಾನು ಕಿರುಚಲಿಲ್ಲ.

ಲಕ್ಷ್ಮಿದೇವಿ ಬೆಂಚಿನ ಮೇಲೆ ಕೂತರು. "ನನ್ ಮಗ ಮನೇಲಿ ತುಟಿ ಎರಡು ಮಾಡಲ್ಲ" ಎಂದರು. "ಇವ್ನಿಗೆ ಮಾತೇ ಬರಲ್ಲ ಅಂತಿದ್ದೆ. ಹುಣಸೂರಲ್ಲಿ ಅವನ ಕೆಲಸದ ಜಾಗಕ್ಕೆ ಓದ್ರೆ, ಎಲ್ರೂನೂ ನಗಿಸ್ತಾ ಕೂತವ್ನೆ! ಹೆತ್ತೋಳು ನಾನೇ ಕಕ್ಕಾಬಿಕ್ಕಿ ಆಗೋದೆ. ನಮ್ಮೋರ್ದೇ ನಮಗೆ ತಿಳಿಯಾಕಿಲ್ಲ, ನಿಮಗೆ ಊರೋರ್ದು ಎಂಗೆ ತಿಳೀತದೆ ಬುಡಿ."

"ಅಂಗಾದ್ರೆ..." ಎಂದು ನಾನು ತಡವರಿಸಿದೆ.

"ನಾನು ಅತ್ತೆ ಮನೇಲಿ ಹತ್ತೊಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ಒಳ್ಳೆ ಸೊಸೆ ಅಂತ ಎಲ್ರೂ ಅಂದ್ರು. ಒಳಗೆ ಏನಿತ್ತು ಅಂತ ಒಬ್ರೂ ಕೇಳ್ಲಿಲ್ಲ." ಅವರು ಎದ್ದು ಸೆರಗು ಕೊಡವಿಕೊಂಡರು. "ಆಯಮ್ಮ ಹದಿನಾಲ್ಕು ವರ್ಷ ಆದ್ಮೇಲಾದ್ರೂ ಕೇಳಿದ್ಳು. ಅವ್ಳ ಮಗಳು ನಮ್ಮನೇಲಿ ಅಷ್ಟು ವರ್ಷ ಕಾಯೋದು ಬ್ಯಾಡ. ಭಾನುವಾರ ಹೂವು ಹಣ್ಣು ತಕ್ಕೊಂಡು ಬತ್ತೀವಿ ಅಂತ ಯೋಳ್ಬುಡಿ."

ನನಗೆ ಕಣ್ಣು ತುಂಬಿ ಬಂತು, ಹಿಟ್ಟಿನ ಧೂಳು ಎಂದುಕೊಂಡು ಒರೆಸಿಕೊಂಡೆ. ಸಣ್ಣತಾಯಮ್ಮನಿಗೆ ಫೋನು ಮಾಡಿದರೆ, ಆ ಕಡೆಯಿಂದ ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಬಂತು.

ಮುಂದಿನ ಸೋಮವಾರ ಅವಳು ಬರುವುದಕ್ಕೆ ಮೊದಲೇ ನಾನು ನಮ್ಮ ಮನೆಯ ರಾಗಿ ತಂದು ಮಿಷಿನ್ನಿನ ಬಾಯಿಗೆ ಸುರಿದೆ. ಕಲ್ಲು ತನ್ನ ಪಾಲಿನ ಒಂದೆರಡು ಹಿಡಿ ಕುಡಿಯಿತು. ಹೆಂಗಸರು ಕಣ್ಣು ಕಣ್ಣು ಬಿಟ್ಟು ನೋಡಿದರು. "ಇವತ್ತಿಂದ ದಿನಾ ಮೊದ್ಲು ನಮ್ಮನೇದೇ" ಎಂದು ಎದೆಯುಬ್ಬಿಸಿ ಕಿರುಚಿದೆ. ದೊಡ್ಡ ತ್ಯಾಗ ಮಾಡಿದವನ ಹಾಗೆ ಸಣ್ಣತಾಯಮ್ಮನ ಕಡೆ ನೋಡಿದೆ.

ಅವಳು ಡಬ್ಬ ಇಟ್ಟು ಮಿಷಿನ್ನಿನ ಬಾಯನ್ನೊಮ್ಮೆ ಬಗ್ಗಿ ನೋಡಿದಳು. "ಅಣ್ಣ, ಈಗ ಕಲ್ಲು ಕುಡ್ದದ್ದು ನಿಮ್ಮ ಹಿಟ್ಟು. ಸಂಜೆ ಗುಡಿಸಿದ್ರೆ ಬರೋದೂ ನಿಮ್ಮನೆಗೇ. ಅಂದ್ರೆ ನಿಮಗೆ ಏನೂ ಕಳ್ದೋಗಲ್ಲ, ಅಲ್ವಾ?"

"ಇಲ್ಲ" ಎಂದೆ.

"ನಮಗೂ ಕಳ್ದೋಗಲ್ಲ."

"ಇಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಇಂಗ್ ಮಾಡ್ಲಿಲ್ಲ?"

ಸಿಟ್ಟಿನಲ್ಲಿ ಕೇಳಿದ್ದರೆ ಉತ್ತರ ಕೊಟ್ಟುಬಿಡುತ್ತಿದ್ದೆ. ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದಳು. ನನಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತ್ತೋ, ಇಪ್ಪತ್ತೆರಡು ವರ್ಷ ಊರವರನ್ನೆಲ್ಲ ವಿಂಗಡಿಸಿದ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವಳ ಡಬ್ಬ ಎತ್ತಿಕೊಂಡು ಮಿಷಿನ್ನಿಗೆ ಸುರಿದೆ. ಅವಳು ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದಳು.